ಉಮೇದುವಾರಿ ಮತ್ತು ಪಗಾರ

ಬೆಳಗಾವಿ ಸೀಮೆಯ ಕನ್ನಡದಲ್ಲಿ ಬೇರೆ ಬೇರೆ ದಿಕ್ಕುಗಳಿಂದ ಬಂದು ನೆಲೆನಿಂತ ಎರಡು ಮಾತುಗಳಿವೆ. ಒಂದು ಉಮೇದುವಾರಿ, ಇನ್ನೊಂದು ಪಗಾರ. ಮೊದಲನೆಯದರ ಮೂಲ ಪಾರಸಿ. ಉಮೇದು ಎಂದರೆ ಆಸೆ. ಆಸೆ ಇಟ್ಟುಕೊಂಡು ಕಾದಿರುವವನು ಉಮೇದುವಾರ. ಎರಡನೆಯದು ಪೋರ್ಚುಗೀಸರ ಮಾತು. ಪಶ್ಚಿಮ ಕರಾವಳಿಯಲ್ಲಿ ಇಳಿದು, ಮರಾಠಿಗರ ನಾಲಿಗೆಯ ಮೇಲೆ ಪಳಗಿ, ನಮ್ಮ ಮನೆಗಳಿಗೆ ಬಂತು. ಹಳೆಯ ಮೈಸೂರಿನವರು ಸಂಬಳ ಎನ್ನುವಲ್ಲಿ ನಾವು ಪಗಾರ ಎನ್ನುತ್ತೇವೆ. ಈಗ ಉಮೇದುವಾರ ಎಂದೊಡನೆ ಚುನಾವಣೆಗೆ ನಿಂತವನ ಮುಖ ಕಣ್ಣೆದುರಿಗೆ ಬರುತ್ತದೆ. ಆದರೆ ಮುಂಬಯಿ ಆಧಿಪತ್ಯದ ಕಾಲದಲ್ಲಿ ಆ ಹೆಸರಿನ ಇನ್ನೊಬ್ಬ ಮನುಷ್ಯನಿದ್ದ. ಮಾಮಲೇದಾರರ ಕಚೇರಿಯ ಮೂಲೆಯಲ್ಲಿ ಕುಳಿತು, ಕಾರಕೂನರ ಕಾಗದಗಳನ್ನು ನಕಲು ಮಾಡುತ್ತ, ಎಂದಾದರೊಂದು ದಿನ ಜಾಗ ತೆರವಾದೀತೆಂದು ಕಾಯುವವನು. ಅವನಿಗೆ ಪಗಾರವಿರಲಿಲ್ಲ. ಎರಡು ಮಾತುಗಳೂ ಒಂದೇ ಊರಿನಲ್ಲಿದ್ದವು. ಒಂದೇ ಪಂಕ್ತಿಯಲ್ಲಿ ಮಾತ್ರ ಬಹುಕಾಲ ಕೂಡಲಿಲ್ಲ.

ಕೇಳುಗರೇ, ತಾಂತ್ರಿಕ ಶಿಕ್ಷಣ ಪಡೆದ ಅಂಗವಿಕಲ ತರುಣ ತರುಣಿಯರು ಉದ್ಯಮಗಳಲ್ಲಿ ಕೆಲಸ ಕಲಿಯುವ ಅವಧಿಯನ್ನು ಕುರಿತು ನಾನಿಂದು ಮಾತನಾಡಬೇಕಾಗಿದೆ. ಅದಕ್ಕೆ ಇಂದಿನ ಹೆಸರು ಇಂಟರ್ನ್‌ಶಿಪ್. ಹೆಸರು ಹೊಸದು, ಸಂಗತಿ ನಮ್ಮ ಹಳೆಯ ಉಮೇದುವಾರಿಯೇ. ಆದ್ದರಿಂದ ಹಿಂದಿನಿಂದಲೇ ಆರಂಭಿಸುತ್ತೇನೆ.

ನಮ್ಮ ಮನೆತನದಲ್ಲಿ ಉಳಿದುಬಂದ ಒಂದು ಕಥೆಯಿದೆ. ನನ್ನ ಅಜ್ಜ ಮತ್ತು ಅವರ ಅಣ್ಣ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯವರು. ಇಬ್ಬರೂ ಮುಲ್ಕಿ ಪರೀಕ್ಷೆ ಮುಗಿಸಿದವರು. ಅಣ್ಣನನ್ನು ನಾವು ದೊಡ್ಡಜ್ಜ ಎನ್ನುತ್ತಿದ್ದೆವು. ಅವರ ಮೋಡಿ ಅಕ್ಷರ ಮುತ್ತು ಪೋಣಿಸಿದಂತಿತ್ತೆಂದು ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಆದರೆ ಎಳವೆಯ ಜ್ವರವೊಂದರಲ್ಲಿ ಅವರ ಎಡಗಾಲು ಸೊರಗಿಹೋಗಿತ್ತು. ಇಬ್ಬರೂ ಒಂದು ಕಚೇರಿಗೆ ಉಮೇದುವಾರಿಗೆಂದು ಹೋದಾಗ, ಜಮಾಬಂದಿಯ ಕಾಲಕ್ಕೆ ಸಾಹೇಬರ ದೌರೆಯೊಡನೆ ಹಳ್ಳಿ ಹಳ್ಳಿ ತಿರುಗಬೇಕಾಗುತ್ತದೆ, ಇವನಿಂದ ಆಗದು ಎಂದು ದೊಡ್ಡಜ್ಜನನ್ನು ಹಿಂದೆ ಕಳಿಸಿದರು. ಬರೆಯುವ ಕೆಲಸಕ್ಕೆ ಕಾಲು ನೋಡಿದರು ಎಂದು ಅವರು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರಂತೆ. ಅಜ್ಜ ಮೂರು ವರ್ಷ ಮನೆಯ ಬುತ್ತಿ ಉಂಡು ಬಿಟ್ಟಿ ನಕಲು ಮಾಡಿ ಕಾರಕೂನರಾದರು. ದೊಡ್ಡಜ್ಜ ಸಂತೆಯ ದಿನ ಮರದ ಕೆಳಗೆ ಕುಳಿತು ರೈತರಿಗೆ ಅರ್ಜಿ ಬರೆದುಕೊಟ್ಟು ಆಣೆ ಎರಡಾಣೆ ಸಂಪಾದಿಸಿದರು. ಹೊರಗೆ ಅಣ್ಣ ಬರೆದ ಅರ್ಜಿಗಳನ್ನೇ ಒಳಗೆ ತಮ್ಮ ನಕಲು ಮಾಡುತ್ತಿದ್ದರು.

ಈ ಕಥೆಯಲ್ಲಿ ಮುಚ್ಚಿದ ಬಾಗಿಲುಗಳು ಎರಡು. ದೊಡ್ಡಜ್ಜನ ಪಾಲಿಗೆ ಮುಚ್ಚಿದ್ದು ದೇಹದ ಬಾಗಿಲು. ಇನ್ನೊಂದು ನಮ್ಮ ಮನೆಯವರಿಗೆ ಕಾಣಿಸದ ಬಾಗಿಲು. ನಮಗೆ ನಾಲ್ಕು ಎಕರೆ ಗದ್ದೆಯಿದ್ದುದರಿಂದ ಅಜ್ಜನಿಗೆ ಮೂರು ವರ್ಷ ಪಗಾರವಿಲ್ಲದೆ ಕಾಯುವುದು ಸಾಧ್ಯವಾಯಿತು. ಗದ್ದೆಯಿಲ್ಲದವನ ಮಗ ಎರಡು ಕಾಲು ಗಟ್ಟಿಯಿದ್ದರೂ ಅಲ್ಲಿಗೆ ಬರುವಂತಿರಲಿಲ್ಲ. ಕಾಲೂ ಇಲ್ಲದ, ಗದ್ದೆಯೂ ಇಲ್ಲದವನ ಪಾಡನ್ನು ಕೇಳುವವರು ಯಾರು?

ಅಂಥವನಿಗೆ ನಮ್ಮ ನಾಡು ಅನ್ನ ಕೊಟ್ಟಿಲ್ಲವೆಂದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದ 1162ರ ಶಾಸನವನ್ನು ಕನ್ನಡ ಓದಿದವರೆಲ್ಲ ಬಲ್ಲರು. (ಹೆಸರು ಕೇಳಿ ಬೆಳಗಾವಿಯೆಂದು ಭ್ರಮಿಸಬಾರದು, ನಮ್ಮದು ವೇಣುಗ್ರಾಮ, ಅದು ಬೇರೆ.) ಆ ಮಠದಲ್ಲಿ ವೇದಗಳು, ವ್ಯಾಕರಣಗಳು, ದರ್ಶನಗಳು, ಕಾವ್ಯ ನಾಟಕಗಳೆಲ್ಲ ಕಲಿಸಲ್ಪಡುತ್ತಿದ್ದವೆಂದು ಶಾಸನ ಪಟ್ಟಿ ಮಾಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮುಂತಾದವರಿಗೆ ಅಲ್ಲಿ ಅನ್ನದಾನವಿತ್ತೆಂದೂ, ರೋಗಿಗಳಿಗೆ ಔಷಧೋಪಚಾರವಿತ್ತೆಂದೂ ಹೇಳುತ್ತದೆ. ಎಂಟುನೂರು ವರ್ಷಗಳ ಹಿಂದೆ ಇಂಥ ಒಂದು ಸಂಸ್ಥೆ ನಮ್ಮಲ್ಲಿತ್ತೆಂಬ ಹೆಮ್ಮೆಯನ್ನು ತರಗತಿಯಲ್ಲಿ ನಾನೂ ಹಲವು ವರ್ಷ ಹಂಚಿದ್ದೇನೆ. ನಿವೃತ್ತನಾದ ಮೇಲೆ ಮತ್ತೆ ಓದಿದಾಗ ಬೇರೊಂದು ಸಂಗತಿ ಹೊಳೆಯಿತು. ಕುರುಡರೂ ಕಿವುಡರೂ ಬರುವುದು ಉಣ್ಣುವವರ ಪಟ್ಟಿಯಲ್ಲಿ. ಕಲಿಯುವುದರ ವಿವರ ಇರುವುದು ಬೇರೆ ಪಟ್ಟಿಯಲ್ಲಿ. ಶಾಸನ ಬರೆದವನನ್ನು ಇಂದಿನ ತಕ್ಕಡಿಯಲ್ಲಿ ತೂಗುವುದು ತರವಲ್ಲ, ಬಲ್ಲೆ. ಆದರೆ ಆ ಎರಡು ಪಟ್ಟಿಗಳ ನಡುವಿನ ಅಂತರವನ್ನು ದಾಟಲು ನಮಗೆ ಎಷ್ಟು ಶತಮಾನ ಬೇಕಾಯಿತೆಂಬುದನ್ನು ಯೋಚಿಸಬಹುದಲ್ಲ.

ದಾಟಿದವರಲ್ಲಿ ಬಹುದೊಡ್ಡವರು ಪಂಚಾಕ್ಷರಿ ಗವಾಯಿಗಳು. 1892ರಲ್ಲಿ ಹುಟ್ಟುಗುರುಡರಾಗಿ ಜನಿಸಿ, ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ಅಂಧ ಬಾಲಕರನ್ನು ಕೂಡಿಸಿಕೊಂಡು ಊರೂರು ಸುತ್ತಿ, ಕೊನೆಗೆ ಗದಗಿನಲ್ಲಿ ನೆಲೆನಿಂತವರು. ವೀರೇಶ್ವರ ಪುಣ್ಯಾಶ್ರಮವನ್ನು ನಾವು ದಾಸೋಹದ ದೃಷ್ಟಿಯಿಂದ, ಗುರುಭಕ್ತಿಯ ದೃಷ್ಟಿಯಿಂದ ನೋಡಿದ್ದೇವೆ. ಕೆಲಸ ಕಲಿಸುವ ಮನೆಯೆಂದು ನೋಡಿದವರು ಕಡಿಮೆ. ಅಲ್ಲಿ ಹುಡುಗನ ಊಟವೂ ಪಾಠವೂ ಒಂದೇ ಸೂರಿನಡಿ. ಕಲಿತ ಹುಡುಗ ಹಾರ್ಮೋನಿಯಂ ನುಡಿಸಿ, ತಬಲಾ ಬಾರಿಸಿ, ಕೀರ್ತನೆ ಮಾಡಿ ತನ್ನ ಅನ್ನವನ್ನು ತಾನೇ ಸಂಪಾದಿಸುವಂತಾಗುತ್ತಿದ್ದ. ಆಶ್ರಮದ ನಾಟಕ ಕಂಪನಿಯ ಹುಟ್ಟುವಳಿ ಆಶ್ರಮವನ್ನೇ ನಡೆಸಿತು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು, ಅವರೂ ಎಳವೆಯಲ್ಲೇ ಕಣ್ಣು ಕಳೆದುಕೊಂಡವರು, 2010ರವರೆಗೆ ಆ ಹೊರೆ ಹೊತ್ತರು. ಇನ್ನೊಂದು ಮಾತು. ಆ ಅಂಧ ಗುರುವಿನ ಬಳಿ ಕಣ್ಣುಳ್ಳವರೂ ಬಂದು ಕಲಿತರು. ಬಸವರಾಜ ರಾಜಗುರು ಅವರಲ್ಲೊಬ್ಬರು. ಅಂಗವಿಕಲರನ್ನು ಎಲ್ಲರೊಡನೆ ಸೇರಿಸಿಕೊಳ್ಳಬೇಕು ಎಂದು ನಾವೀಗ ದೊಡ್ಡ ದೊಡ್ಡ ಮಾತಿನಲ್ಲಿ ಹೇಳುವುದುಂಟು. ಗದಗಿನಲ್ಲಿ ನಡೆದದ್ದು ಅದಕ್ಕೆ ತಿರುವುಮುರುವು: ಅಂಧರು ತಮ್ಮ ಮನೆಗೆ ಉಳಿದವರನ್ನು ಸೇರಿಸಿಕೊಂಡರು.

ಸಂಗೀತವನ್ನು ಬಿಟ್ಟರೆ ಮುಂದೆ ದಾರಿ ಕಿರಿದಾಗುತ್ತದೆ. ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ತೆರೆದರು. ಸರ್ಕಾರಿ ಕಿವುಡ ಮಕ್ಕಳ ಶಾಲೆ ಬೆಳಗಾವಿಗೂ ಬಂತು. ಅಕ್ಷರ ಕಲಿತಾದ ಮೇಲೆ ಕೆಲಸ ಯಾವುದು ಎಂಬ ಪ್ರಶ್ನೆಗೆ ದೇಶದಾದ್ಯಂತ ಸಿಕ್ಕ ಉತ್ತರಗಳು ನಾಲ್ಕೈದು ಮಾತ್ರ: ಬೆತ್ತದ ಕುರ್ಚಿ ಹೆಣೆಯುವುದು, ಸೀಮೆಸುಣ್ಣ ಮಾಡುವುದು, ಮೇಣದಬತ್ತಿ ಎರೆಯುವುದು, ಹೊಲಿಗೆ. ವಿದ್ಯಾವಂತ ಅಂಧನಿಗೆ ಬಂದ ಭಾಗ್ಯವೆಂದರೆ ಟೆಲಿಫೋನ್ ಆಪರೇಟರನ ಕುರ್ಚಿ. 1990ರ ದಶಕದ ಮೊದಲಲ್ಲಿ ನನ್ನ ಎಂ.ಎ. ತರಗತಿಯಲ್ಲಿ ಒಬ್ಬ ಅಂಧ ವಿದ್ಯಾರ್ಥಿಯಿದ್ದ. ಕುಮಾರವ್ಯಾಸನ ಉದ್ಯೋಗಪರ್ವ ಅವನಿಗೆ ಬಾಯಿಪಾಠ. ನಾನು ಪುಸ್ತಕ ತಿರುವುವಷ್ಟರಲ್ಲಿ ಅವನು ಪದ್ಯ ಮುಗಿಸಿರುತ್ತಿದ್ದ. ಅವನು ಒಂದು ಬ್ಯಾಂಕಿನಲ್ಲಿ ಆಪರೇಟರನಾದ. ಹತ್ತು ವರ್ಷಗಳಲ್ಲಿ ತಾನೇ ತಾನಾಗಿ ಕರೆ ಜೋಡಿಸುವ ಯಂತ್ರ ಬಂದು ಆ ಕುರ್ಚಿಯೇ ಬರಿದಾಯಿತು. ಪಗಾರ ಬರುತ್ತಿತ್ತು, ಕೆಲಸವಿರಲಿಲ್ಲ. ಮಾತಾಡಿಸಲು ಹೋದಾಗ ಅವನು ನಕ್ಕು, ‘ಸರ್, ಈಗ ನಾ ಉಲ್ಟಾ ಉಮೇದುವಾರರೀ’ ಎಂದಿದ್ದ. ಪ್ಲಾಸ್ಟಿಕ್ ಕುರ್ಚಿ ಬಂದು ಬೆತ್ತದವರ ಕೆಲಸ ಹೋದದ್ದೂ ಸುಮಾರು ಇದೇ ಕಾಲಕ್ಕೆ.

ಕಲಿಯುವ ಕಾಲದಲ್ಲೇ ಕೈಗೆ ಹಣ ಕೊಡಬೇಕೆಂಬ ವಿಚಾರ ನಮ್ಮ ಕಡೆಗೆ ಹೊಸದಲ್ಲ. ಖಾನಾಪುರದ ಮಣ್ಣು ಹೆಸರಾದದ್ದು. ಹೆಂಚು, ಮಡಕೆಗಳ ಊರದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರ ಕುಂಬಾರಿಕೆಯ ಕೇಂದ್ರ ಸಂಸ್ಥೆ ಅಲ್ಲಿಯೇ ನೆಲೆಗೊಂಡಿತು. ಖಾದಿ ಆಯೋಗದ ತರಬೇತಿಗಳಲ್ಲಿ ಕಲಿಯುವವನಿಗೆ ವಿದ್ಯಾರ್ಥಿವೇತನ ಕೊಡುವ ಪದ್ಧತಿಯಿತ್ತು. ಅದಕ್ಕೂ ಹಿಂದೆ ಕುಂಬಾರರ ಮನೆಗಳಲ್ಲಿ ಕಲಿಯುವ ಹುಡುಗ ಗುರುವಿನ ಮನೆಯಲ್ಲೇ ಉಣ್ಣುತ್ತಿದ್ದ. ನಮ್ಮ ಊರಿನ ಕುಂಬಾರ ಓಣಿಯಲ್ಲಿ ಮಾತು ಬಾರದ, ಕಿವಿ ಕೇಳದ ಒಬ್ಬನಿದ್ದುದು ನನಗೆ ನೆನಪಿದೆ. ತಿಗರಿಯ ಮೇಲೆ ಅವನ ಕೈ ಆಡುವುದನ್ನು ನೋಡಲು ಶಾಲೆ ಬಿಟ್ಟೊಡನೆ ಓಡುತ್ತಿದ್ದೆವು. ಹಳ್ಳಿ ಅಂಗವಿಕಲನನ್ನು ಒಲಿದು ಅಪ್ಪಿಕೊಂಡಿತ್ತೆಂದು ಹೇಳಲು ನಾನು ಸಿದ್ಧನಿಲ್ಲ. ಅವನನ್ನು ಕರೆಯುತ್ತಿದ್ದ ಹೆಸರನ್ನು ಇಲ್ಲಿ ಹೇಳಲು ಈಗ ನಾಚಿಕೆಯಾಗುತ್ತದೆ. ಆದರೂ ಅವನ ಕಿವಿಯನ್ನು ಪರೀಕ್ಷಿಸಿ ತಿಗರಿಗೆ ಕೂಡಿಸಲಿಲ್ಲ. ಕೈಯನ್ನು ನೋಡಿ ಕೂಡಿಸಿದರು.

ಕಾನೂನು ಬಂದಾಗ ಈ ವಿವೇಕ ಉಳಿಯಲಿಲ್ಲ. 1961ರ ಅಪ್ರೆಂಟಿಸ್ ಕಾಯಿದೆ ಸ್ವತಂತ್ರ ಭಾರತದ ಒಳ್ಳೆಯ ಕಾಯಿದೆಗಳಲ್ಲೊಂದು. ಕಾರ್ಖಾನೆಯಲ್ಲಿ ಕಲಿಯುವವನಿಗೆ ತಿಂಗಳ ವೇತನ ಕೊಡಲೇಬೇಕೆಂದು ಅದು ವಿಧಿಸಿತು. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಅದರೊಳಗೆ ಬಂದರು. ಉಮೇದುವಾರಿಯೂ ಪಗಾರವೂ ಕಡೆಗೂ ಒಂದೇ ಕಾಗದದ ಮೇಲೆ ಕೂಡಿದವು. ಆದರೆ ಅದೇ ಕಾಯಿದೆಯ ಮೂರನೆಯ ಕಲಮು, ಅಪ್ರೆಂಟಿಸ್ ಆಗುವವನು ಗೊತ್ತುಮಾಡಿದ ವಿದ್ಯಾರ್ಹತೆಯ ಜೊತೆಗೆ ಗೊತ್ತುಮಾಡಿದ ದೈಹಿಕ ಅರ್ಹತೆಯನ್ನೂ ಪಡೆದಿರಬೇಕೆಂದಿತು. ದೊಡ್ಡಜ್ಜನ ಕಾಲನ್ನು ನೋಡಿದ ಕಣ್ಣು ಕಾಯಿದೆಯ ಒಳಗೂ ಬಂದು ಕುಳಿತಿತು. ಒಂದು ಬಾಗಿಲು ತೆರೆಯಿತು, ಇನ್ನೊಂದು ಮುಚ್ಚಿಯೇ ಉಳಿಯಿತು.

ಅಂಗವಿಕಲರಿಗೆಂದು ಬಂದ ಕ್ರಮಗಳು ಬೇರೆ ಕಾಲುವೆಯಲ್ಲಿ ಹರಿದವು. ಬ್ರಿಟನ್ನಿನಲ್ಲಿ ಯುದ್ಧದಲ್ಲಿ ಗಾಯಗೊಂಡವರು ಮನೆಗೆ ಮರಳುತ್ತಿದ್ದ ಕಾಲದಲ್ಲಿ, 1944ರಲ್ಲಿ, ಇಪ್ಪತ್ತು ಮಂದಿಗಿಂತ ಕಡಿಮೆಯಿಲ್ಲದ ಉದ್ಯಮಗಳು ನೂರಕ್ಕೆ ಮೂವರು ಅಂಗವಿಕಲರನ್ನು ಇಟ್ಟುಕೊಳ್ಳಬೇಕೆಂಬ ಶಾಸನವಾಯಿತು. ನಮ್ಮಲ್ಲಿ ಅವರಿಗಾಗಿ ಮೊದಲ ಉದ್ಯೋಗ ವಿನಿಮಯ ಕೇಂದ್ರ ಮುಂಬಯಿಯಲ್ಲಿ 1959ರಲ್ಲಿ ತೆರೆಯಿತು. ಆ ವೇಳೆಗೆ ನಾವು ಮುಂಬಯಿಯಿಂದ ಬೇರೆಯಾಗಿ ಮೂರು ವರ್ಷವಾಗಿತ್ತು. 1977ರಲ್ಲಿ ಕೇಂದ್ರ ಸರ್ಕಾರದ ಕೆಳದರ್ಜೆಯ ಹುದ್ದೆಗಳಲ್ಲಿ ಅದೇ ನೂರಕ್ಕೆ ಮೂರು ಬಂತು. 1995ರ ಕಾಯಿದೆ ಅದನ್ನು ಹಕ್ಕಾಗಿ ಮಾಡಿತು. 2016ರ ಕಾಯಿದೆ ನಾಲ್ಕಕ್ಕೆ ಏರಿಸಿತು, ಉನ್ನತ ಶಿಕ್ಷಣದಲ್ಲಿ ಐದು ಇಟ್ಟಿತು, ವೈಕಲ್ಯದ ಬಗೆಗಳನ್ನು ಇಪ್ಪತ್ತೊಂದಕ್ಕೆ ವಿಸ್ತರಿಸಿತು. ಖಾಸಗಿ ಉದ್ಯಮಗಳಿಗೆ ಮಾತ್ರ ಕಡ್ಡಾಯದ ಮಾತಿಲ್ಲ, ಪ್ರೋತ್ಸಾಹದ ಮಾತಿದೆ. ಗಣಕಯಂತ್ರದ ಉದ್ಯಮ ಬಹುಪಾಲು ಖಾಸಗಿಯವರ ಕೈಯಲ್ಲಿರುವುದರಿಂದ ನಮ್ಮ ವಿಷಯ ಆ ಪ್ರೋತ್ಸಾಹದ ಮಾತಿನ ಮೇಲೆಯೇ ನಿಂತಿದೆ.

ಹೆಸರುಗಳು ಮಾತ್ರ ಧಾರಾಳವಾಗಿ ಬದಲಾದವು. ಅಂಗವಿಕಲ ಎಂಬುದು ಒರಟೆಂದು ವಿಕಲಚೇತನ ಎಂದರು. ಕನ್ನಡ ಮೇಷ್ಟರಾಗಿ ನನ್ನ ಆಕ್ಷೇಪವಿದೆ: ಕುಂದಿದ್ದು ಅಂಗವೇ ಹೊರತು ಚೇತನವಲ್ಲ. ಚೇತನವೇ ವಿಕಲವಾಯಿತೆಂದರೆ ಉಳಿದದ್ದೇನು? ಮುಂದೆ ವಿಶೇಷಚೇತನ ಎಂದರು, ದಿವ್ಯಾಂಗ ಎಂದರು. ನಾನು ಹಳೆಯ ಮಾತಿನಲ್ಲೇ ಇದ್ದೇನೆ. ತಪ್ಪಾಗಿದ್ದರೆ ಸಂಬಂಧಪಟ್ಟವರೇ ತಿದ್ದಲಿ, ಅಧಿಕಾರ ಅವರದು.

ಇನ್ನು ಗಣಕಯಂತ್ರದ ವಿಷಯ. ಅಂಧರೂ ಗಣಕಯಂತ್ರವೂ ಎಂದರೆ ಈಚಿನ ಪವಾಡವೆಂದು ನಾವು ತಿಳಿಯುತ್ತೇವೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿಯೇ ಅಂಧರಿಗೆ ಪ್ರೋಗ್ರಾಂ ಬರೆಯುವ ತರಬೇತಿ ಕೊಡುತ್ತಿದ್ದರು. ಆದರೆ ಅದೇ ದೇಶದ 1938ರ ಕೂಲಿ ಕಾನೂನಿನಲ್ಲಿ ಅಂಗವಿಕಲ ಕೆಲಸಗಾರನಿಗೆ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಲು ಅನುಮತಿ ನೀಡುವ ಒಂದು ಕಲಮೂ ಇತ್ತು. ಕಲಿಸುವ ಔದಾರ್ಯ, ಕೊಡುವ ಜಿಪುಣತನ ಎರಡೂ ಒಟ್ಟಿಗೆ ಇರಬಲ್ಲವು. 1996ರಲ್ಲಿ ಅಲ್ಲಿಯ ವಿಜ್ಞಾನ ಪ್ರಗತಿ ಸಂಘದವರು ‘ಎಂಟ್ರಿ ಪಾಯಿಂಟ್’ ಎಂಬ ಯೋಜನೆಯನ್ನು ಆರಂಭಿಸಿದರು. ವಿಜ್ಞಾನ, ಇಂಜಿನಿಯರಿಂಗ್ ಓದುವ ಅಂಗವಿಕಲ ವಿದ್ಯಾರ್ಥಿಗಳನ್ನು ಬೇಸಗೆಯಲ್ಲಿ ಐ.ಬಿ.ಎಂ., ನಾಸಾದಂಥ ಸ್ಥಳಗಳಿಗೆ ಕಳಿಸಿ, ಪಗಾರ ಕೊಟ್ಟು, ನಿಜವಾದ ಕೆಲಸ ಮಾಡಿಸುವುದು. ದೊಡ್ಡ ಯೋಜನೆಯೇನಲ್ಲ. ಅದರ ತಿರುಳು ‘ಪಗಾರ’ ಮತ್ತು ‘ನಿಜವಾದ’ ಎಂಬ ಎರಡು ಮಾತುಗಳಲ್ಲಿದೆ.

ಆ ಹೊತ್ತಿಗೆ ನಮ್ಮಲ್ಲೂ ಗಾಳಿ ಬದಲಾಗಿತ್ತು. ಮೈಸೂರಿನಲ್ಲಿ ಜೆ.ಎಸ್.ಎಸ್. ಸಂಸ್ಥೆಯವರು ಅಂಗವಿಕಲರಿಗಾಗಿಯೇ ಪಾಲಿಟೆಕ್ನಿಕ್ಕೊಂದನ್ನು 1991ರಲ್ಲಿ ತೆರೆದಿದ್ದರು. ಬೆಳಗಾವಿ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ ಶಿಶುವಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಮಹಾಂತೇಶ ಕಿವಡಸಣ್ಣವರ ಅವರು ಗೆಳೆಯ ನಾಗೇಶರೊಡನೆ ಬೆಂಗಳೂರಿನಲ್ಲಿ 1997ರಲ್ಲಿ ಸಮರ್ಥನಂ ಸಂಸ್ಥೆಯನ್ನು ಕಟ್ಟಿದರು. ನಮ್ಮ ಜಿಲ್ಲೆಯ ಮಗು ಓದಿಗಾಗಿ ಬೆಂಗಳೂರಿಗೆ ಹೋಗಿ ಅಲ್ಲಿಯೇ ಬೇರೂರಿತು. ಅದು ಹೆಮ್ಮೆಯ ಸಂಗತಿಯೂ ಹೌದು, ನಮ್ಮ ಕಡೆ ಏನಿರಲಿಲ್ಲ ಎಂಬುದರ ಗುರುತೂ ಹೌದು. 1999ರಲ್ಲಿ ಎನೇಬಲ್ ಇಂಡಿಯಾ ಬಂತು. ತಮ್ಮನ ದೃಷ್ಟಿ ಹೋದುದನ್ನು ಕಂಡ ಶಾಂತಿ ರಾಘವನ್ ಮತ್ತು ಅವರ ಪತಿ ದೀಪೇಶ್ ಸುತಾರಿಯಾ ಅದರ ಸ್ಥಾಪಕರು. 2006ರಲ್ಲಿ ಆಸ್ಟ್ರೇಲಿಯದ ಇಬ್ಬರು ಅಂಧ ತರುಣರು ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್.ವಿ.ಡಿ.ಎ. ಎಂಬ ತಂತ್ರಾಂಶವನ್ನು ಮಾಡಿ ಪುಕ್ಕಟೆಯಾಗಿ ಹಂಚಿದರು. ಅದು ಕನ್ನಡವನ್ನೂ ಓದುತ್ತದೆ. ಉಚ್ಚಾರ ಸ್ವಲ್ಪ ಯಂತ್ರದ್ದೇ, ಆದರೆ ನಮ್ಮ ಕೆಲವು ಟಿ.ವಿ. ವಾಚಕರಿಗಿಂತ ಅಲ್ಪಪ್ರಾಣ ಮಹಾಪ್ರಾಣ ಶುದ್ಧ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ನಮ್ಮ ಬೆಳಗಾವಿಯಲ್ಲಿದೆ. ನಾಡಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಪಾಲಿಗೆ ಪಠ್ಯಕ್ರಮ ಇಲ್ಲಿಂದಲೇ ಹೋಗುತ್ತದೆ. ಅದರ ಈಚಿನ ಪಠ್ಯಕ್ರಮದಲ್ಲಿ ಕೊನೆಯ ವರ್ಷ ಹಲವು ವಾರಗಳ ಇಂಟರ್ನ್‌ಶಿಪ್ ಪದವಿಯ ಅಂಗವೇ ಆಗಿದೆ. ಅದರ ಅಂಕಗಳಿಲ್ಲದೆ ಪದವಿಯಿಲ್ಲ. ಉದ್ದೇಶ ಒಳ್ಳೆಯದು. ಆದರೆ ಇದರಿಂದ ಹಳೆಯ ಉಮೇದುವಾರಿಗೆ ಇಲ್ಲದ ಒಂದು ಬಿಗಿ ಬಂದಿದೆ. ದೊಡ್ಡಜ್ಜನಿಗೆ ತಪ್ಪಿದ್ದು ನೌಕರಿ. ಇಂದು ಕಂಪನಿಯ ಬಾಗಿಲು ತೆರೆಯದಿದ್ದರೆ ವಿದ್ಯಾರ್ಥಿಗೆ ಪದವಿಯೇ ತಪ್ಪಬಹುದು. ಇತ್ತ 1961ರ ಕಾಯಿದೆಯ ಅಪ್ರೆಂಟಿಸ್ ಬೇರೆ, ಇಂಟರ್ನ್ ಬೇರೆ. ಪದವೀಧರ ಅಪ್ರೆಂಟಿಸನಿಗೆ ತಿಂಗಳಿಗೆ ಕನಿಷ್ಠ 9000 ರೂಪಾಯಿ ಎಂದು 2019ರಲ್ಲಿ ನಿಯಮವಾಯಿತು. ಇಂಟರ್ನನಿಗೆ ಅಂಥ ಕನಿಷ್ಠವಿಲ್ಲ. ಕೊಟ್ಟವರು ಕೊಟ್ಟರು, ಬಿಟ್ಟವರು ಬಿಟ್ಟರು. ವಿದ್ಯಾರ್ಥಿಯಿಂದಲೇ ಹಣ ಪಡೆದು ಪ್ರಮಾಣಪತ್ರ ಕೊಡುವವರೂ ಇದ್ದಾರೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ತಿಂಗಳಿಗೆ 5000 ರೂಪಾಯಿ ಕೊಡುವ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನು ತಂದಾಗ ವಯಸ್ಸನ್ನು 21ರಿಂದ 24ಕ್ಕೆ ಮಿತಿಗೊಳಿಸಿತ್ತು. ಚಿಕಿತ್ಸೆಗೆಂದು ಎರಡು ವರ್ಷ, ಸರಿಯಾದ ಶಾಲೆ ಸಿಗದೆ ಎರಡು ವರ್ಷ ಕಳೆದುಕೊಂಡು ಓದಿದ ಅಂಗವಿಕಲನಿಗೆ ಇಪ್ಪತ್ತನಾಲ್ಕು ಎಂಬುದು ಬಹಳ ಬೇಗ ಬಂದುಬಿಡುವ ವಯಸ್ಸು.

ಖಾನಾಪುರ ತಾಲ್ಲೂಕಿನ ಒಬ್ಬ ಹುಡುಗನನ್ನು ನಾನು ಬಲ್ಲೆ. ಹತ್ತನೆಯ ವಯಸ್ಸಿನಿಂದ ದೃಷ್ಟಿ ಕುಂದುತ್ತ ಬಂದು ಈಗ ಬೆಳಕು ನೆರಳು ಮಾತ್ರ ತಿಳಿಯುತ್ತದೆ. ಬೆಳಗಾವಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ. ಊರ ಹೊರಗಿನ ಒಂದು ಕಂಪನಿ ದೂರದಿಂದಲೇ ಪರೀಕ್ಷೆ ಮಾಡಿ ಅವನನ್ನು ಇಂಟರ್ನ್‌ಶಿಪ್ಪಿಗೆ ಆರಿಸಿತು. ಪರದೆ ಓದುವ ತಂತ್ರಾಂಶ ಬಳಸುತ್ತೇನೆಂದು ಅವನು ತಿಳಿಸಿದ ಮೇಲೆ ಮಾತು ಮೆತ್ತಗಾಯಿತು. ‘ಮನ್ಯಾಗ ಕುಂತ ಇರ್ರಿ, ಸರ್ಟಿಫಿಕೇಟ್ ಕಳಸ್ತೀವಿ ಅಂದ್ರು ಸರ್. ಕೆಲಸಾ ಏನ್ರಿ ಅಂತ ಕೇಳಿದೆ. ಏನೂ ಇಲ್ಲ, ನೀವು ತ್ರಾಸ ತಗೋಬ್ಯಾಡ್ರಿ ಅಂದ್ರು. ಸ್ಟೈಪೆಂಡ್ ಉಳದವ್ರಿಗೆ ಅಷ್ಟ ಅಂತ.’ ಇದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಕಲಿಯುವ ಕೆಲಸವನ್ನು ಕಸಿದುಕೊಂಡು ಕಲಿತೆನೆಂಬ ಕಾಗದ ಕೊಡುವುದು ಕ್ರೌರ್ಯವೆಂದು ಅವರಿಗೆ ಹೊಳೆದಿರಲಾರದು. ಅದು ಬಳ್ಳಿಗಾವಿಯ ಎರಡು ಪಟ್ಟಿಗಳ ನಡುವಿನ ಅದೇ ಅಂತರ.

ಅವನು ಆ ಕಾಗದ ಬೇಡವೆಂದ. ಆರು ವಾರ ತಿರುಗಿ ಬೆಳಗಾವಿಯಲ್ಲೇ ಹತ್ತು ಹನ್ನೆರಡು ಜನರ ಒಂದು ಸಣ್ಣ ಕಚೇರಿಯಲ್ಲಿ ಜಾಗ ಪಡೆದ. ಮುಂಜಾನೆ ಬಸ್ಸಿಗೆ ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿ. ತಿಂಗಳಿಗೆ ಇಂತಿಷ್ಟು ಎಂದು ಗೊತ್ತಾಗಿತ್ತು. ಬಸ್ಸಿನ ಪಾಸು, ಮಧ್ಯಾಹ್ನದ ಊಟ ಕಳೆದು ಮನೆಗೂ ಒಂದಿಷ್ಟು ಉಳಿಯುವಷ್ಟು. ಮೊದಲ ವಾರ ಅವರ ತಂತ್ರಾಂಶವನ್ನು ಅವನ ಕಿವಿಗೆ ಒಡ್ಡಿದಾಗ ಯಂತ್ರ ‘ಬಟನ್, ಬಟನ್, ಬಟನ್’ ಎಂದು ಜಪ ಮಾಡಿತಂತೆ. ಕಣ್ಣಿಗೆ ಚಿತ್ರವಾಗಿ ಕಾಣುವ ಗುಂಡಿಗಳಿಗೆ ಒಳಗೆ ಹೆಸರೇ ಇಟ್ಟಿರಲಿಲ್ಲ. ಯಾವುದು ಉಳಿಸುವುದು, ಯಾವುದು ಅಳಿಸುವುದು ತಿಳಿಯದು. ಅವನು ಕುಳಿತು ಒಂದೊಂದಕ್ಕೂ ಹೆಸರಿಟ್ಟ. ಅದೇ ಅವನ ಮೊದಲ ಕೆಲಸವಾಯಿತು. ನಾಮಕರಣವಿಲ್ಲದ ಮಕ್ಕಳು ಎಷ್ಟು ಮನೆಗಳಲ್ಲಿವೆ ಎಂದು ಆ ಕಚೇರಿಯವರು ಈಗ ಉಳಿದ ಗಿರಾಕಿಗಳನ್ನೂ ಕೇಳುತ್ತಿದ್ದಾರಂತೆ.

ನನ್ನ ಸಂಗತಿಯೊಂದನ್ನೂ ಹೇಳಿಬಿಡಬೇಕು. ನನ್ನ ಬಳಿ ಇಪ್ಪತ್ತು ವರ್ಷಗಳ ಉಪನ್ಯಾಸದ ಟಿಪ್ಪಣಿಗಳಿವೆ. ಹಳೆಯ ನುಡಿ ಲಿಪಿಯಲ್ಲಿ ಬೆರಳಚ್ಚು ಮಾಡಿದವು. ಅವು ಪರದೆಯ ಮೇಲೆ ಕನ್ನಡವಾಗಿ ಕಾಣುತ್ತವೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹುಡುಗನ ಯಂತ್ರ ಅದನ್ನು ಓದಿದಾಗ ಗುಣಾಢ್ಯನ ಪೈಶಾಚಿ ಹೀಗೆಯೇ ಇತ್ತೋ ಏನೋ ಎನ್ನಿಸಿತು. ಅಂದರೆ ಇಷ್ಟು ವರ್ಷ ನಾನು ಬರೆದುದನ್ನು ಯಾವ ಅಂಧ ವಿದ್ಯಾರ್ಥಿಯೂ ಓದುವಂತಿರಲಿಲ್ಲ. ಇವನ್ನೆಲ್ಲ ಯೂನಿಕೋಡಿಗೆ ಬದಲಾಯಿಸಿಕೊಡುತ್ತೀಯಾ ಎಂದು ಕೇಳಿದೆ.

‘ಎಷ್ಟು ಪುಟ ಅದಾವ್ರಿ ಸರ್?’

‘ಆರುನೂರರ ಮ್ಯಾಲ ಅದಾವಪ್ಪ.’

‘ಮಶೀನು ಬದಲ ಮಾಡತೈತ್ರಿ. ಆದ್ರ ಒತ್ತಕ್ಷರ ಎಲ್ಲಾ ಕೇಳಿ ಕೇಳಿ ತಿದ್ದಬೇಕಾಗತೈತಿ. ಪುಟಕ್ಕ ಐದು ರೂಪಾಯಿ ಆಗತೈತ್ರಿ.’

ನಾನು ಒಂದು ಗಳಿಗೆ ಸುಮ್ಮನಾದೆ. ಅವನ ಬಾಯಿಂದ ದರದ ಮಾತು ಬಂದೀತೆಂದು ನಾನು ಎಣಿಸಿರಲಿಲ್ಲ. ಗುರುಗಳ ಕೆಲಸ, ಹುಡುಗ ಸಂತೋಷದಿಂದ ಮಾಡಿಕೊಟ್ಟಾನು, ಅವನಿಗೂ ಅಭ್ಯಾಸವಾದೀತು ಎಂಬ ಲೆಕ್ಕ ನನ್ನ ತಲೆಯಲ್ಲಿ ಆಗಲೇ ಮುಗಿದುಹೋಗಿತ್ತು. ಅವನು ನನ್ನ ಮೌನವನ್ನು ಕೇಳಿಸಿಕೊಂಡಿರಬೇಕು. ಆದರೂ ದರ ಇಳಿಸಲಿಲ್ಲ. ಒಳಗೆ ಹೋಗಿ ಸಾವಿರ ರೂಪಾಯಿ ಮುಂಗಡ ತಂದುಕೊಟ್ಟೆ. ರಸೀದಿ ಬೇಕೇನ್ರಿ ಎಂದು ಕೇಳಿದ.

ಮೊದಲ ಕಂತು ಹೋದ ವಾರ ಬಂತು. ಪಂಪನನ್ನು ಕುರಿತ ಉಪನ್ಯಾಸ, ನಲವತ್ತು ಪುಟ. ಕೊನೆಯಲ್ಲಿ ಬೇರೊಂದು ಹಾಳೆಯಲ್ಲಿ, ನಾನು ಇಪ್ಪತ್ತು ವರ್ಷ ತಪ್ಪಾಗಿಯೇ ಬರೆಯುತ್ತ ಬಂದ ಹದಿನೇಳು ಕಾಗುಣಿತಗಳ ಪಟ್ಟಿ ಇತ್ತು.